ಆರು ಸಾಲು, ಒಂದು ಟೆಸ್ಟ್

ಸಾಫ್ಟ್‌ವೇರ್ ತಂಡಗಳ ವರದಿಯಲ್ಲಿ ‘ಇಷ್ಟು ಟೆಸ್ಟ್ ಪಾಸು’ ಎಂಬ ಸಾಲಿಗೆ ಸಿಗುವ ಮರ್ಯಾದೆ ಬೇರೆ ಯಾವ ಸಾಲಿಗೂ ಸಿಗುವುದಿಲ್ಲ. ಆ ಅಂಕಿ ಹೇಗೆ ಹುಟ್ಟಿತು ಎಂದು ಕೇಳುವವರು ಮಾತ್ರ ಕಡಿಮೆ. ಒಂದೇ ಟೆಸ್ಟ್ ಫಂಕ್ಷನ್ ಬರೆದು, ಅದಕ್ಕೆ ಇನ್‌ಪುಟ್‌ಗಳ ಪಟ್ಟಿ ಕೊಟ್ಟು, ಸಾಲು ಸಾಲಾಗಿ ಓಡಿಸುವ ಪ್ಯಾರಾಮೀಟರ್ ಪದ್ಧತಿಯಲ್ಲಿ ಈ ಪ್ರಶ್ನೆ ಇನ್ನೂ ತೊಡಕಾಗುತ್ತದೆ. ಎಣಿಸಬೇಕಾದ್ದು ಫಂಕ್ಷನ್ನನ್ನೋ, ಸಾಲುಗಳನ್ನೋ? ಒಂದೊಂದು ಲೈಬ್ರರಿ ಒಂದೊಂದು ಉತ್ತರ ಕೊಡುತ್ತದೆ. ಯಾವ ಉತ್ತರ ಮೇಲು ಎಂದು ನೋಡಲು ನಿಜವಾದ ಒಂದು ಇನ್‌ಪುಟ್ ಪಟ್ಟಿ ಬೇಕು.

ಆಂಧ್ರದ ಗಡಿಯಲ್ಲಿ, ಕನ್ನಡ ತೆಲುಗು ಎರಡೂ ಓಡಾಡುವ ಸೀಮೆಯ ಮೂರು ಹೆಸರು ತೆಗೆದುಕೊಳ್ಳೋಣ: ಓಬಳಾಪುರ, ಮಡಕಶಿರ, ರಾಯದುರ್ಗ. ತೆಲುಗಿನಲ್ಲಿ ಇವು ಓಬುಳಾಪುರಂ, ಮಡಕಶಿರ, ರಾಯದುರ್ಗಂ. ಮೂರು ಊರು, ಎರಡು ಲಿಪಿ, ಒಟ್ಟು ಆರು ಸಾಲು. ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ ಎಂದು ಹೇಳುವ ಫಂಕ್ಷನ್ನನ್ನು ಪರೀಕ್ಷಿಸಬೇಕು. ಓದುಬರಹ ಬಲ್ಲ ಯಾರನ್ನು ಕೇಳಿದರೂ ಮೊದಲಿನ ಎರಡು ಊರಿಗೆ ಐದೈದು ಅಕ್ಷರ, ರಾಯದುರ್ಗಕ್ಕೆ ನಾಲ್ಕು ಎನ್ನುತ್ತಾರೆ, ಲಿಪಿ ಯಾವುದೇ ಇರಲಿ.

ಯುನಿಕೋಡ್‌ನಲ್ಲಿ ತೆಲುಗಿನ 128 ಸ್ಥಾನಗಳು ಮುಗಿದ ಕೂಡಲೇ ಕನ್ನಡದ 128 ಸ್ಥಾನಗಳು ಶುರುವಾಗುತ್ತವೆ. ಎರಡರ ಒಳಜೋಡಣೆಯೂ ಬಹುಪಾಲು ಒಂದೇ. ಹಾಗಿದ್ದರೂ 2023ರಲ್ಲಿ ಬಂದ 15.1ನೇ ಆವೃತ್ತಿಯಲ್ಲಿ ಇವೆರಡರ ದಾರಿ ಬೇರೆಯಾಯಿತು. ವ್ಯಂಜನ, ವಿರಾಮ, ಮತ್ತೆ ವ್ಯಂಜನ ಬಂದರೆ ಒಡೆಯದೆ ಒಂದೇ ಘಟಕವಾಗಿ ಎಣಿಸಬೇಕು ಎಂಬ ಹೊಸ ನಿಯಮ ಅಲ್ಲಿ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಅದರ ವ್ಯಾಪ್ತಿಗೆ ಬಂದವು, ಕನ್ನಡ ಬರಲಿಲ್ಲ. ಹೀಗಾಗಿ ಆ ಆವೃತ್ತಿಯನ್ನು ಅಕ್ಷರಶಃ ಪಾಲಿಸುವ ಪ್ರೋಗ್ರಾಂ ತೆಲುಗಿನ ರಾಯದುರ್ಗಂಗೆ ನಾಲ್ಕು ಎನ್ನುತ್ತದೆ, ಕನ್ನಡದ ರಾಯದುರ್ಗಕ್ಕೆ ‘ರ್’ ಮತ್ತು ‘ಗ’ವನ್ನು ಬಿಡಿಸಿ ಐದು ಎನ್ನುತ್ತದೆ. ಆರು ಸಾಲಿನಲ್ಲಿ ಐದು ಪಾಸು, ಒಂದು ಫೇಲ್. ಈಗ ಲೈಬ್ರರಿಗಳು ಇದನ್ನು ಹೇಗೆ ಹೇಳುತ್ತವೆ ನೋಡಿ.

ಪೈಥಾನ್ ಜೊತೆಗೇ ಬರುವ ಯೂನಿಟ್‌ಟೆಸ್ಟ್‌ನಲ್ಲಿ ಇಂಥ ಕೆಲಸಕ್ಕೆ ಸಬ್‌ಟೆಸ್ಟ್ ಎಂಬ ಸೌಲಭ್ಯವಿದೆ, 2014ರ 3.4ನೇ ಆವೃತ್ತಿಯಲ್ಲಿ ಬಂದದ್ದು. ಅದು ಒಂದು ಸಾಲು ಬಿದ್ದರೂ ಮುಂದಿನ ಸಾಲುಗಳನ್ನು ಬಿಡದೆ ಓಡಿಸುತ್ತದೆ, ಬಿದ್ದ ಸಾಲು ಯಾವುದೆಂದೂ ತೋರಿಸುತ್ತದೆ. ಆದರೆ ಒಟ್ಟು ಲೆಕ್ಕದಲ್ಲಿ ಓಡಿದ ಟೆಸ್ಟ್ ಒಂದೇ. ಮೂರು ಸಾಲು ಬಿದ್ದಿದ್ದರೆ ‘ಓಡಿದ್ದು ಒಂದು, ಬಿದ್ದದ್ದು ಮೂರು’ ಎಂಬ ವಿಚಿತ್ರ ವರದಿ ಬರುತ್ತದೆ. ಭಾಗಿಸಿದರೆ ಶೇಕಡಾ ಮುನ್ನೂರು ಸೋಲು! ಸೋಲನ್ನು ಸಾಲಿನಲ್ಲಿಯೂ ಓಟವನ್ನು ಫಂಕ್ಷನ್ನಿನಲ್ಲಿಯೂ ಎಣಿಸಿದರೆ ಆಗುವುದೇ ಇದು.

ಪೈಥಾನ್‌ನದೇ ಇನ್ನೊಂದು ಲೈಬ್ರರಿ ಪೈಟೆಸ್ಟ್ ಇಲ್ಲಿ ಸ್ಪಷ್ಟವಾಗಿದೆ. ಪ್ರತಿ ಸಾಲೂ ಸ್ವತಂತ್ರ ಟೆಸ್ಟ್, ಪ್ರತಿಯೊಂದಕ್ಕೂ ತನ್ನದೇ ಹೆಸರು. ಓಡಿಸುವ ಮೊದಲೇ ‘ಆರು ಸಿಕ್ಕವು’ ಎನ್ನುತ್ತದೆ, ಕೊನೆಗೆ ‘ಒಂದು ಫೇಲ್, ಐದು ಪಾಸು’ ಎನ್ನುತ್ತದೆ. ತೊಂದರೆ ಇರುವುದು ಆ ಹೆಸರಿನಲ್ಲಿ. ಇನ್‌ಪುಟ್ ಕನ್ನಡದಲ್ಲಿದ್ದರೆ ಹೆಸರು ಕನ್ನಡದಲ್ಲಿ ಕಾಣುವುದಿಲ್ಲ; ರಾಯದುರ್ಗದ ಬದಲು ಯುನಿಕೋಡ್ ಸಂಖ್ಯೆಗಳ ಮಾಲೆ ಬರುತ್ತದೆ. ಇದನ್ನು ತಪ್ಪಿಸುವ ಒಂದು ಸೆಟ್ಟಿಂಗ್ ಇದೆ, ಆದರೆ ‘ಸಮುದಾಯದ ಬೆಂಬಲದ ಹಕ್ಕನ್ನೆಲ್ಲ ಬಿಟ್ಟುಕೊಡುತ್ತೇನೆ’ ಎಂಬ ಅರ್ಥದ ಮಾತನ್ನು ಅದರ ಹೆಸರಿಗೇ ಪೋಣಿಸಿಟ್ಟಿದ್ದಾರೆ. ತಮಾಷೆಯೇನೋ ಸರಿ, ಕನ್ನಡದಲ್ಲಿ ಟೆಸ್ಟ್ ಬರೆಯುವವನಿಗೆ ಮಾತ್ರ ಯಾವುದು ಬಿತ್ತು ಎಂದು ತಿಳಿಯಲು ಇಷ್ಟೊಂದು ಕರಾರು ಬೇಕೇ ಎನಿಸುತ್ತದೆ. ಜಾವಾದ ಜೆಯೂನಿಟ್ 5 ಸಾಲಿನ ಕ್ರಮಸಂಖ್ಯೆಯ ಜೊತೆಗೆ ಇನ್‌ಪುಟ್ಟನ್ನು ಇದ್ದ ಹಾಗೇ ತೋರಿಸುತ್ತದೆ. ಅದರ ಕನ್ಸೋಲ್ ವರದಿ ಸಾಲುಗಳನ್ನೂ ಅವುಗಳನ್ನು ಹೊತ್ತ ಫಂಕ್ಷನ್‌ಗಳನ್ನೂ ಬೇರೆ ಬೇರೆ ಎಣಿಸುತ್ತದೆ. ಎರಡು ಅಂಕಿ ಬೇಕಾದ ಕಡೆ ಎರಡನ್ನೂ ಕೊಡುವ ಈ ವಿವೇಕಕ್ಕೆ ಹೆಚ್ಚು ಅಂಕ ಸಲ್ಲಬೇಕು.

ಸಾಲು ಎಣಿಸುವ ಪದ್ಧತಿಗೂ ತನ್ನದೇ ಆಮಿಷವಿದೆ. ಪೈಟೆಸ್ಟ್‌ನಲ್ಲಿ ಪಟ್ಟಿಯ ಮೇಲೆ ಪಟ್ಟಿ ಪೇರಿಸಿದರೆ ಗುಣಾಕಾರವಾಗುತ್ತದೆ: ಹತ್ತು ಊರು, ಹತ್ತು ಫಾಂಟ್, ಹತ್ತು ಅಳತೆ ಎಂದರೆ ಸಾವಿರ ಟೆಸ್ಟ್. ಅದೇ ಸಾಲನ್ನು ಎರಡು ಸಲ ಬರೆದರೂ ಹೆಸರಿಗೊಂದು ಅಂಕಿ ಅಂಟಿಸಿ ಎರಡೆಂದೇ ಎಣಿಸುತ್ತದೆ. ಶೇಂಗಾ ಚೀಲ ಎಣಿಸಿ ಒಳಗಿನ ಕಾಳು ನೋಡದೆ ದುಡ್ಡು ಕೊಟ್ಟ ಹಾಗೆ. ಆ ಸಾವಿರದಲ್ಲಿ ಅರ್ಕಾವತ್ತು ಇರುವ ಹೆಸರು ಒಂದೂ ಇಲ್ಲದಿರಬಹುದು. ನಮ್ಮ ಪಟ್ಟಿಯಿಂದಲೇ ರಾಯದುರ್ಗವನ್ನು ತೆಗೆದು ನೋಡಿ: ನಾಲ್ಕಕ್ಕೆ ನಾಲ್ಕೂ ಪಾಸು, ದೋಷ ಮಾತ್ರ ಇದ್ದಲ್ಲೇ ಇದೆ. ಇದರ ಎದುರು ತುದಿಯಲ್ಲಿ ಹೈಪಾಥಿಸಿಸ್ ಎಂಬ ಲೈಬ್ರರಿ ಇದೆ. ಅದು ತಾನೇ ಇನ್‌ಪುಟ್‌ಗಳನ್ನು ಹುಟ್ಟಿಸಿ, ಏನೂ ಹೇಳದಿದ್ದರೆ ನೂರರವರೆಗೆ ಪ್ರಯತ್ನಿಸಿ, ಕೊನೆಗೆ ಲೆಕ್ಕದಲ್ಲಿ ‘ಒಂದು ಪಾಸು’ ಎಂದಷ್ಟೇ ಸೇರುತ್ತದೆ. ಅದರ ಪೂರ್ವಜ, 2000ದಲ್ಲಿ ಕ್ಲಾಸೆನ್ ಮತ್ತು ಹ್ಯೂಸ್ ಹ್ಯಾಸ್ಕೆಲ್ ಭಾಷೆಗೆ ರೂಪಿಸಿದ ಕ್ವಿಕ್‌ಚೆಕ್, ಅಂಥದೇ ಕೆಲಸಕ್ಕೆ ‘ನೂರು ಪಾಸು’ ಎನ್ನುತ್ತದೆ. ಮಾಡಿದ ಕೆಲಸ ಹೆಚ್ಚುಕಡಿಮೆ ಅಷ್ಟೇ, ಅಂಕಿಯಲ್ಲಿ ನೂರು ಪಟ್ಟು ಅಂತರ. ಆದ್ದರಿಂದ ಎರಡು ತಂಡಗಳ ಟೆಸ್ಟ್ ಸಂಖ್ಯೆ ಹೋಲಿಸಿ ಶಹಬ್ಬಾಸ್ ಹೇಳುವುದು ವ್ಯರ್ಥ.

ಲೈಬ್ರರಿಯ ನಿಜವಾದ ಗುಣ ಗೊತ್ತಾಗುವುದು ಸೊನ್ನೆಯಲ್ಲಿ. ಊರುಗಳ ಪಟ್ಟಿಯನ್ನು ಫೈಲಿನಿಂದ ಓದುತ್ತೇವೆ, ಫೈಲು ಖಾಲಿ ಇದೆ ಎನ್ನಿ. ಯೂನಿಟ್‌ಟೆಸ್ಟ್‌ನ ಲೂಪ್ ಒಂದು ಸಲವೂ ತಿರುಗದೆ ‘ಒಂದು ಟೆಸ್ಟ್, ಸರಿ’ ಎಂದುಬಿಡುತ್ತದೆ. ಗೋ ಭಾಷೆಯ ಲೂಪ್ ಕೂಡ ಹಾಗೇ. ಪೈಟೆಸ್ಟ್ ತಾನಾಗಿ ‘ಒಂದು ಸ್ಕಿಪ್’ ಎನ್ನುತ್ತದೆ, ಆದರೂ ಬಿಲ್ಡ್ ಹಸಿರಾಗಿಯೇ ಉಳಿಯುತ್ತದೆ. ಬೇಕಾದವರು ಸೆಟ್ಟಿಂಗ್ ಬದಲಿಸಿ ಅದನ್ನು ದೋಷವಾಗಿಸಬಹುದು. ಜೆಯೂನಿಟ್ 5 ಕನಿಷ್ಠ ಒಂದು ಸಾಲಾದರೂ ಬೇಕೆಂದು ತಾನಾಗಿಯೇ ಟೆಸ್ಟನ್ನು ಬೀಳಿಸುತ್ತದೆ. ಅದೇ ಸರಿಯಾದ ನಡೆ. ಏನನ್ನೂ ಪರೀಕ್ಷಿಸದ ಟೆಸ್ಟ್ ಪಾಸಾಗಲು ಹೇಗೆ ಸಾಧ್ಯ?

ಈ ವಿಷಯದಲ್ಲಿ ಎಲ್ಲಕ್ಕಿಂತ ಹಳೆಯದೇ ಎಲ್ಲಕ್ಕಿಂತ ಚುರುಕು. 1987ರಲ್ಲಿ ಪರ್ಲ್ ಭಾಷೆಯ ಜೊತೆ ಹುಟ್ಟಿದ, ಮುಂದೆ ಟ್ಯಾಪ್ ಎಂದು ಹೆಸರಾದ ವರದಿ ಕ್ರಮದಲ್ಲಿ ‘ಒಂದರಿಂದ ಆರು’ ಎಂಬ ಯೋಜನೆಯನ್ನು ಮೊದಲೇ ಸಾರಬಹುದು. ಐದೇ ಬಂದರೆ, ಆ ಐದೂ ಪಾಸಾಗಿದ್ದರೂ, ಒಟ್ಟು ಫಲಿತಾಂಶ ಸೋಲು. ಓಡಿದ್ದೆಷ್ಟು ಎಂಬುದಕ್ಕೆ ಓಡಬೇಕಾದ್ದೆಷ್ಟು ಎಂಬ ಎದುರು ಲೆಕ್ಕ ಇದ್ದಾಗಲೇ ಅಂಕಿಗೆ ಸಾಕ್ಷ್ಯದ ಬೆಲೆ. ಹೊಸ ಲೈಬ್ರರಿಗಳು ಹೆಸರು, ಬಣ್ಣ, ಮರದಂಥ ಜೋಡಣೆ ಎಲ್ಲವನ್ನೂ ತಂದವು. ಬರೆದವನು ಮುಂಚಿತವಾಗಿ ಕೊಡುವ ಈ ಮಾತನ್ನು ಮಾತ್ರ ಬಹುಮಟ್ಟಿಗೆ ಕೈಬಿಟ್ಟವು. ಪೈಟೆಸ್ಟ್ ಮೊದಲಿಗೆ ಹೇಳುವ ‘ಆರು ಸಿಕ್ಕವು’ ಕೂಡ ತಾನು ಕಂಡದ್ದರ ಲೆಕ್ಕವೇ ಹೊರತು ಇರಬೇಕಾದ್ದರ ಲೆಕ್ಕವಲ್ಲ.

ಇಷ್ಟೆಲ್ಲ ಸರಿಯಾದರೂ ಅಂಕಿಯನ್ನು ಕೆಡಿಸುವ ಒಂದು ದಾರಿ ಉಳಿಯುತ್ತದೆ: ರಾಯದುರ್ಗದ ಮುಂದಿನ ನಾಲ್ಕನ್ನು ಐದೆಂದು ತಿದ್ದುವುದು. ತಕ್ಷಣ ಆರಕ್ಕೆ ಆರು ಪಾಸು. ಯಾವ ಲೈಬ್ರರಿಯೂ ಇದನ್ನು ಹಿಡಿಯಲಾರದು. ಪೈಟೆಸ್ಟ್‌ನಲ್ಲಿ ಇದಕ್ಕಿಂತ ಪ್ರಾಮಾಣಿಕ ದಾರಿಯಿದೆ. ಆ ಒಂದು ಸಾಲಿಗೆ ಮಾತ್ರ ‘ಸೋಲು ನಿರೀಕ್ಷಿತ’ ಎಂಬ ಗುರುತು ಹಾಕಿ, ಅದನ್ನು ಕಟ್ಟುನಿಟ್ಟಾಗಿಸಬಹುದು. ಆಗ ವರದಿ ‘ಐದು ಪಾಸು, ಒಂದು ನಿರೀಕ್ಷಿತ ಸೋಲು’ ಎನ್ನುತ್ತದೆ. ನಿಯಮ ಬದಲಾಗಿ ಒತ್ತಕ್ಷರ ಒಂದಾದ ದಿನ ಗುರುತು ತೆಗೆಯಿರಿ ಎಂದು ತಾನೇ ಕೆಂಪಾಗುತ್ತದೆ. ವರದಿ ಒಪ್ಪಿಸಿಕೊಳ್ಳುವವರು ದೊಡ್ಡ ಹಸಿರು ಅಂಕಿಗಿಂತ ಈ ಚಿಕ್ಕ, ಹೆಸರಿರುವ ಸೋಲನ್ನೇ ಹೆಚ್ಚು ನಂಬಬೇಕು.