ಬೇಟೆಯ ರೂಪಕ ಮತ್ತು ಕರುಳಿನ ರಕ್ಷಣೆ: ಒಂದು ವಿಮರ್ಶೆ

ಪಾಲ್ ಡಿ ಕ್ರೈಫ್ ಅವರು 1926ರಲ್ಲಿ ಪ್ರಕಟಿಸಿದ ‘ಮೈಕ್ರೋಬ್ ಹಂಟರ್ಸ್’ ಗ್ರಂಥವು ಸೂಕ್ಷ್ಮಜೀವಿಶಾಸ್ತ್ರದ ಚರಿತ್ರೆಯನ್ನು ಸಾಮಾನ್ಯ ಓದುಗರಿಗೆ ತಲುಪಿಸಿದ ಕೃತಿ. ಅದನ್ನೋದಿ ಅನೇಕ ತರುಣರು ವಿಜ್ಞಾನಕ್ಕೆ ಒಲಿದರೆಂಬುದು ಸರ್ವವಿದಿತ. ಆದರೆ ಚರಿತ್ರೆಯೆಂದು ಪರಿಶೀಲಿಸುವಾಗ, ಅದರ ಶೀರ್ಷಿಕೆಯಲ್ಲೇ ಇರುವ ಬೇಟೆಯ ರೂಪಕವನ್ನು ನಾವು ಪ್ರಶ್ನಿಸಬೇಕಾಗುತ್ತದೆ. ಮೆಚ್ನಿಕಾಫರನ್ನು ಕುರಿತ ಅಧ್ಯಾಯದಲ್ಲಿ ದೇಹದ ಭಕ್ಷಕಕೋಶಗಳೇ ಬೇಟೆಗಾರರ ಪಾತ್ರ ವಹಿಸುತ್ತವೆ.

1882ರಲ್ಲಿ ಮೆಸಿನಾದಲ್ಲಿ, ನಕ್ಷತ್ರಮೀನಿನ ಮರಿಯಲ್ಲಿ, ಮೆಚ್ನಿಕಾಫರು ಕಂಡುದಕ್ಕೆ ಈ ರೂಪಕವು ಒಪ್ಪುತ್ತದೆ, ಕರುಳಿಗೆ ಒಪ್ಪುವುದಿಲ್ಲ. ಕಾಲರಾ ರೋಗವೇ ಇದಕ್ಕೆ ನಿದರ್ಶನ. ಅದರ ಬ್ಯಾಕ್ಟೀರಿಯವು ಕರುಳಿನ ಗೋಡೆಯನ್ನು ಭೇದಿಸಿ ಒಳನುಗ್ಗದು. ಮೇಲ್ಮೈಯಲ್ಲೇ ನೆಲೆಸಿ ವಿಷವನ್ನು ಸ್ರವಿಸುತ್ತದೆ. ಬ್ಯಾಕ್ಟೀರಿಯವನ್ನು ಸೋಸಿ ತೆಗೆದ ದ್ರವವೊಂದೇ ಮೊಲದ ಕರುಳಿನಲ್ಲಿ ನೀರು ತುಂಬಿಸಬಲ್ಲದೆಂದು ಕಲ್ಕತ್ತೆಯ ಶಂಭುನಾಥ ದೇ ಅವರು 1959ರಲ್ಲಿ ತೋರಿಸಿಕೊಟ್ಟರು. ಒಳಗೆ ಬಾರದ ವೈರಿಯನ್ನು ಒಳಗಿನ ಭಟನು ನುಂಗುವುದೆಂತು? 1965ರಲ್ಲಿ ಟೊಮಾಸಿ ಮತ್ತು ಸಂಗಡಿಗರು ದೇಹದ ಸ್ರಾವಗಳಲ್ಲಿರುವ ವಿಶಿಷ್ಟ ಪ್ರತಿಕಾಯವನ್ನು ವಿವರಿಸಿದಾಗ ಉತ್ತರದ ಒಂದು ಭಾಗ ದೊರೆಯಿತು.

ಇನ್ನೊಂದು ಭಾಗವು ಸಂಕೇತಗಳಿಗೆ ಸಂಬಂಧಿಸಿದುದು. ಕರುಳಿನ ಒಳಪದರದ ಮತ್ತು ಅದರಡಿಯ ಕೋಶಗಳು ಬ್ಯಾಕ್ಟೀರಿಯದ ಹೊರಕವಚ, ಕಶಾಂಗ ಮೊದಲಾದ ಗುರುತುಗಳನ್ನು ಗ್ರಹಿಸುತ್ತವೆ. ಆ ಗ್ರಹಿಕೆಯ ಫಲವಾಗಿ ರಕ್ಷಕಕೋಶಗಳಿಂದ ಇಂಟರ್‌ಲ್ಯೂಕಿನ್-22 ಎಂಬ ಸಂದೇಶವಸ್ತು ಹೊರಡುತ್ತದೆ. ಅದನ್ನು ಪಡೆದ ಒಳಪದರವು ಬ್ಯಾಕ್ಟೀರಿಯನಾಶಕ ಪ್ರೋಟೀನುಗಳನ್ನು ಸ್ರವಿಸುವುದಲ್ಲದೆ ತನ್ನ ಗಾಯವನ್ನೂ ಮಾಯಿಸಿಕೊಳ್ಳುತ್ತದೆ. ಈ ವಸ್ತುವಿಲ್ಲದ ಇಲಿಗಳು ಸಿಟ್ರೊಬ್ಯಾಕ್ಟರ್ ಸೋಂಕಿಗೆ ಬಲಿಯಾಗುವುವೆಂದು 2008ರಲ್ಲಿ ಪ್ರಕಟವಾಯಿತು. ಅದಕ್ಕೂ ಮುನ್ನ, 2004ರಲ್ಲಿ, ಇನ್ನೊಂದು ಸಂಗತಿ ಇಲಿಗಳಲ್ಲಿ ತಿಳಿದುಬಂದಿತ್ತು: ಕರುಳಿನ ನಿತ್ಯವಾಸಿ ಬ್ಯಾಕ್ಟೀರಿಯಗಳನ್ನು ಟೋಲ್ ಮಾದರಿಯ ಗ್ರಾಹಕಗಳು ಗುರುತಿಸುತ್ತಿರುವುದು ಕರುಳಿನ ಕ್ಷೇಮಕ್ಕೇ ಅವಶ್ಯಕ. ಬೇಟೆಯ ಕಥೆಯಲ್ಲಿ ಇಂಥ ನೆರೆಯವರಿಗೆ ಎಡೆಯಿಲ್ಲ.

1926ರ ಲೇಖಕರು 2004ರ ಸಂಗತಿಯನ್ನು ಅರಿಯಲಿಲ್ಲವೆಂದು ಆಕ್ಷೇಪಿಸುವುದು ನ್ಯಾಯವಲ್ಲ. ಆದರೆ ಕರುಳಿನ ಇತರ ಸೂಕ್ಷ್ಮಜೀವಿಗಳು ಕಾಲರಾವನ್ನು ತಡೆಯಲೂ ಪೋಷಿಸಲೂ ಬಲ್ಲವೆಂದು ಸ್ವತಃ ಮೆಚ್ನಿಕಾಫರೇ 1890ರ ದಶಕದಲ್ಲಿ ಭಾವಿಸಿದ್ದರು. ವೈರಿ ಮತ್ತು ಭಟ ಎಂಬ ಎರಡೇ ಪಾತ್ರಗಳುಳ್ಳ ಕಥನದಲ್ಲಿ ಆ ಸುಳಿವಿಗೆ ತಕ್ಕ ಬೆಲೆ ಬರಲಾರದು. ವಿದ್ಯಾರ್ಥಿಗಳು ನಿರೂಪಣೆಯ ಸೊಗಸನ್ನೇ ಕಾರಣವಿವರಣೆಯೆಂದು ಭ್ರಮಿಸುವ ಅಪಾಯ ಇಲ್ಲಿದೆ. ಆದುದರಿಂದ ತರಗತಿಯಲ್ಲಿ ಈ ಅಧ್ಯಾಯವನ್ನು ದೇ ಅವರ 1959ರ ಲೇಖನದೊಡನೆ ಓದಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ.