ಬೀಗವಲ್ಲದ ಲಾಕ್‌ಗಳು

ಇಂಗ್ಲಿಷಿನ ‘ಲಾಕ್’ ಎಂದರೆ ಇಂದು ಬೀಗ. ಹಳೆಯ ಇಂಗ್ಲಿಷಿನಲ್ಲಿ ಅಗುಳಿ, ಚಿಲಕ ಮುಂತಾಗಿ ಬಾಗಿಲನ್ನು ಭದ್ರಪಡಿಸುವ ಯಾವ ಸಾಧನಕ್ಕೂ ಆ ಪದ ಸಲ್ಲುತ್ತಿತ್ತು; ಕೀಲಿಕೈ ಇರಲೇಬೇಕೆಂದಿರಲಿಲ್ಲ. ತಡೆದು ಹಿಡಿಯುವುದು ಎಂಬ ಈ ಅರ್ಥವೇ ಮುಂದೆ ಕಾಲುವೆಗೂ ಕುಸ್ತಿಯ ಪಟ್ಟಿಗೂ ವಿಸ್ತರಿಸಿತು.

ಈ ಪದದ ನುಡಿಗಟ್ಟುಗಳಲ್ಲಿ ಹೆಚ್ಚು ದಾರಿ ತಪ್ಪಿಸುವುದು ‘ಲಾಕ್, ಸ್ಟಾಕ್ ಆ್ಯಂಡ್ ಬ್ಯಾರೆಲ್’. ಏನನ್ನೂ ಉಳಿಸದೆ, ಇಡಿಯಾಗಿ ಎಂಬುದು ಇದರ ಅರ್ಥ. ಅಂಗಡಿಯ ಬೀಗ, ದಾಸ್ತಾನು, ಪೀಪಾಯಿ ಎಂದು ಬಿಡಿಸಿದರೂ ಅರ್ಥ ಹೊಂದುವುದರಿಂದ ತಪ್ಪು ಸಿಕ್ಕಿಬೀಳುವುದಿಲ್ಲ. ಮೂರೂ ಹಳೆಯ ಬಂದೂಕಿನ ಭಾಗಗಳು: ಮದ್ದಿಗೆ ಬೆಂಕಿ ತಾಗಿಸುವ ಯಂತ್ರ ಲಾಕ್, ಹೆಗಲಿಗೆ ಆನಿಸುವ ಮರದ ಭಾಗ ಸ್ಟಾಕ್, ನಳಿಗೆ ಬ್ಯಾರೆಲ್. ಉರಿಯುವ ಬತ್ತಿಯಿಂದ ಮದ್ದು ಹೊತ್ತಿಸುವುದು ಮ್ಯಾಚ್‌ಲಾಕ್, ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತಿಸುವುದು ಫ್ಲಿಂಟ್‌ಲಾಕ್. ಲಾಕಿನ ಪುಟ್ಟ ತಟ್ಟೆಯ ಮದ್ದು ಭಗ್ಗೆಂದರೂ ಗುಂಡು ಹಾರದಿದ್ದರೆ ಅದು ‘ಫ್ಲ್ಯಾಶ್ ಇನ್ ದ ಪ್ಯಾನ್’. ಕ್ಷಣಕಾಲ ಮಿಂಚಿ ಮರೆಯಾದವರಿಗೆ ಇಂಗ್ಲಿಷರು ಈಗಲೂ ಇದನ್ನೇ ಅನ್ವಯಿಸುತ್ತಾರೆ.

ಕಾಲುವೆಯ ಲಾಕ್ ಎರಡು ಕದಗಳ ನಡುವಿನ ನೀರಿನ ಕೋಣೆ. ಹಡಗು ಒಳಬಂದ ಮೇಲೆ ಕದ ಮುಚ್ಚಿ ನೀರು ತುಂಬಿದರೆ ಹಡಗೂ ಏರುತ್ತದೆ. 1914ರಲ್ಲಿ ತೆರೆದ ಪನಾಮಾ ಕಾಲುವೆಯ ಲಾಕ್‌ಗಳು ಹಡಗನ್ನು ಸುಮಾರು 26 ಮೀಟರ್ ಎತ್ತುತ್ತವೆ. ಇದಕ್ಕೆ ಪಂಪು ಬೇಕಿಲ್ಲ, ಮೇಲಿನ ಸರೋವರದ ನೀರು ತಾನಾಗಿ ಇಳಿದು ಬರುತ್ತದೆ.

ಗಂಡು ಜಿಂಕೆಗಳ ಕೊಂಬು ಕೊಂಬು ತೊಡರಿದ ಕಾಳಗದಿಂದ ‘ಲಾಕ್ ಹಾರ್ನ್ಸ್’ ಬಂತು. ಧನುರ್ವಾಯುವಿನಲ್ಲಿ ದವಡೆ ಬಿಗಿದುಕೊಳ್ಳುವುದು ‘ಲಾಕ್‌ಜಾ’. ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ ಹಾಕುವ ಇಂಗ್ಲಿಷ್ ಗಾದೆಗೆ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಕನ್ನಡದ ಗಾದೆ ಸರಿಜೋಡಿ. ನಮ್ಮದರಲ್ಲಿ ನಷ್ಟವೂ ದೊಡ್ಡದು, ವ್ಯಂಗ್ಯವೂ ಹರಿತ.

ಪತ್ರಿಕೆಗಳ ಮೂಲಕ ಲಾಕಪ್ ಕನ್ನಡದ್ದೇ ಆಗಿಬಿಟ್ಟಿದೆ. ಮಾಲೀಕರು ಕಾರ್ಮಿಕರಿಗೆ ಕೆಲಸ ತಡೆಹಿಡಿಯುವ ‘ಲಾಕೌಟ್’ಗೆ ಬೀಗಮುದ್ರೆ ಎಂಬ ಒಳ್ಳೆಯ ಪದವಿದೆ. ಅಮೆರಿಕದ ಜೈಲುಗಳಲ್ಲಿ ಕೈದಿಗಳನ್ನು ಕೋಣೆಗಳಲ್ಲೇ ಕೂಡಿಹಾಕುವುದಕ್ಕಿದ್ದ ‘ಲಾಕ್‌ಡೌನ್’ ಮಾತ್ರ 2020ರ ಮಾರ್ಚ್‌ನಲ್ಲಿ ಅನುವಾದಕ್ಕೂ ಕಾಯದೆ ಹಳ್ಳಿಹಳ್ಳಿಗೆ ತಲುಪಿತು.

ಉಳಿದವು ಹೆಸರಿಗಷ್ಟೇ ನೆಂಟರು. ಕೂದಲಿನ ಸುರುಳಿಯೂ ಲಾಕ್. ಅಲೆಕ್ಸಾಂಡರ್ ಪೋಪ್ 1712ರಲ್ಲಿ ಪ್ರಕಟಿಸಿದ ‘ದ ರೇಪ್ ಆಫ್ ದ ಲಾಕ್’ ಕಾವ್ಯದಲ್ಲಿ ಕಳವಾಗುವುದು ಅಂಥ ಒಂದು ಗುಂಗುರು, ಬೀಗವಲ್ಲ. ದಾಂಪತ್ಯಕ್ಕಿರುವ ‘ವೆಡ್‌ಲಾಕ್’ನಲ್ಲೂ ಬೀಗವಿಲ್ಲ. ಮದುವೆಯಾದರೆ ಬೀಗರು ಸಿಗುವ ಕನ್ನಡಿಗರಿಗೆ ಇದು ನಿರಾಸೆ ತಂದೀತು. ಅಲ್ಲಿ ‘ವೆಡ್’ ಎಂದರೆ ವಚನ. ‘ಲಾಕ್’ ಎಂಬುದು ಕ್ರಿಯೆಯನ್ನು ಸೂಚಿಸುತ್ತಿದ್ದ ಹಳೆಯ ಪ್ರತ್ಯಯ. ಮಾಟಗಾರನೆಂಬ ಅರ್ಥದ ‘ವಾರ್‌ಲಾಕ್’ ಹುಟ್ಟಿದ್ದು ವಚನಭ್ರಷ್ಟ ಎಂಬರ್ಥದ ಬೇರೊಂದು ಹಳೆಯ ಪದದಿಂದ.