ಆಫೀಸಿನ ಪ್ಲಗ್ಗು, ಯಾರ ಕರೆಂಟು?

ಮಂಗಳೂರಿನಿಂದ ಮೂಡುಬಿದಿರೆಗೆ ಸುಮಾರು 35 ಕಿಲೋಮೀಟರ್. ಇಲ್ಲಿನ ಕಾಲೇಜು, ಆಸ್ಪತ್ರೆ, ಬ್ಯಾಂಕುಗಳಿಗೆ ದಿನಾ ಬಂದು ಹೋಗುವವರು ಎಲೆಕ್ಟ್ರಿಕ್ ಸ್ಕೂಟರ್ ಕೊಂಡರೆ ದಿನಕ್ಕೆ 70 ಕಿಲೋಮೀಟರ್ ಓಡಬೇಕು. ಹೊಸ ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. ಎರಡು ಮೂರು ವರ್ಷ ಹಳೆಯದಾಗಿ, ಹಿಂದೆ ಒಬ್ಬರು ಕೂತು, ಗುರುಪುರ, ಎಡಪದವಿನ ಏರು ಹತ್ತುವಾಗ ಮಾತ್ರ ಕಣ್ಣು ರಸ್ತೆಗಿಂತ ಹೆಚ್ಚು ಪರ್ಸೆಂಟಿನ ಮೇಲೇ ಇರುತ್ತದೆ. ಆಗ ನೆನಪಾಗುವುದು ಆಫೀಸಿನ ಪ್ಲಗ್ಗು.

ಕೆಲಸದ ಜಾಗದಲ್ಲಿ ಗಾಡಿ ಚಾರ್ಜಿಗೆ ಹಾಕುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಬುದ್ಧಿವಂತ ಪದ್ಧತಿ. ಗಾಡಿ ಏಳೆಂಟು ಗಂಟೆ ಸುಮ್ಮನೆ ನಿಂತಿರುತ್ತದೆ. ಬಿಸಿಲಿನ ವಿದ್ಯುತ್ ಹೇರಳವಾಗಿರುವುದೂ ಆ ಹೊತ್ತಿನಲ್ಲೇ. ಕೇಂದ್ರದ ಮಾರ್ಗಸೂಚಿ ಬೆಳಿಗ್ಗೆ 9ರಿಂದ ಸಂಜೆ 4ರವರೆಗಿನ ಚಾರ್ಜಿಂಗಿಗೆ ಕಡಿಮೆ ದರ ಇರಲಿ ಎನ್ನುವುದು ಇದಕ್ಕೇ. ಹೊಸ ಕಲ್ಪನೆಯೂ ಅಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೇವಾ ಕಾರಿಗೂ ಬೇಕಾಗಿದ್ದದ್ದು 15 ಆಂಪಿಯರಿನ ಒಂದು ಪವರ್ ಪ್ಲಗ್ಗು ಮಾತ್ರ. ಕಾನೂನಿನ ತೊಡಕೂ ಇಲ್ಲ: ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಇರುವ ಸಂಪರ್ಕದಿಂದಲೇ ಚಾರ್ಜ್ ಮಾಡಬಹುದು ಎಂದು 2022ರ ಮಾರ್ಗಸೂಚಿ ಹೇಳಿದೆ. ಗೃಹಜ್ಯೋತಿಯ ಶೂನ್ಯ ಬಿಲ್ಲು ಕೈತಪ್ಪೀತೆಂದು ಮನೆಯಲ್ಲಿ ಚಾರ್ಜಿಗೆ ಹಾಕಲು ಹಿಂಜರಿಯುವವರಿಗಂತೂ ಆಫೀಸೇ ಗತಿ.

ಹಾಗಿದ್ದರೂ ನಮ್ಮ ಕಡೆ ಇದು ನಡೆಯುವ ರೀತಿ ನನಗೆ ಹಿಡಿಸುವುದಿಲ್ಲ. ಅನುಮತಿ ಕೇಳಿದವರಿಲ್ಲ, ಬೇಡ ಅಂದವರಿಲ್ಲ. ಕಿಟಕಿಯ ಸರಳಿನ ನಡುವಿನಿಂದ ಇಳಿದ ಎಕ್ಸ್‌ಟೆನ್ಷನ್ ಬೋರ್ಡು, ಅದರ ಮೇಲೆ ಮಳೆ ಬೀಳದಂತೆ ಮುಚ್ಚಿದ ಪ್ಲಾಸ್ಟಿಕ್ ಚೀಲ, ಬಿಸಿಯಾಗಿ ಅಂಚು ಕಂದಿದ ತ್ರೀ ಪಿನ್ ಟಾಪ್. ಸ್ಕೂಟರಿನ ಚಾರ್ಜರ್ ಸಾಮಾನ್ಯವಾಗಿ 750 ವ್ಯಾಟಿನ ಆಸುಪಾಸಿನದು, ಮನೆಯ ಮಿಕ್ಸಿಯಷ್ಟೇ. ಆದರೆ ಮಿಕ್ಸಿಯನ್ನು ಯಾರೂ ನಾಲ್ಕು ಗಂಟೆ ಎಡೆಬಿಡದೆ ತಿರುಗಿಸುವುದಿಲ್ಲ. ಹಳೆಯ ಕಟ್ಟಡದಲ್ಲಿ ಅರ್ಥಿಂಗ್ ಸರಿ ಇದೆಯೋ ಎಂದು ನೋಡಿಸಿದವರು ಎಷ್ಟು ಮಂದಿ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರು ಇದು. ಕರೆಂಟು ಹೋದಾಗ ಜನರೇಟರ್ ಶುರುವಾಗುತ್ತದೆ, ಸ್ಕೂಟರುಗಳು ಪ್ಲಗ್ಗಿನಲ್ಲೇ ಇರುತ್ತವೆ. ಲೀಟರಿಗೆ ಮೂರು ಚಿಲ್ಲರೆ ಯೂನಿಟ್ ಹುಟ್ಟಿಸುವ ಡೀಸೆಲ್ ಸುಟ್ಟು ಪರಿಸರಸ್ನೇಹಿ ಗಾಡಿ ತುಂಬಿಸುವ ಚೋದ್ಯ!

ಜರ್ಮನಿಯಲ್ಲಿ ಸಂಸ್ಥೆ ನೌಕರರಿಗೆ ಕೊಡುವ ಪುಕ್ಕಟೆ ಚಾರ್ಜಿಗೆ 2017ರಿಂದ ಆದಾಯ ತೆರಿಗೆ ವಿನಾಯಿತಿ ಇದೆ. ಅಂದರೆ ಅದು ಲೆಕ್ಕದಲ್ಲಿರುವ ಸವಲತ್ತು. ನಮ್ಮಲ್ಲಿ ಅದು ಬರೀ ದಾಕ್ಷಿಣ್ಯ, ಮತ್ತು ದಾಕ್ಷಿಣ್ಯ ಯಾವತ್ತೂ ಮೇಲಿನವರ ಕಡೆಗೇ ವಾಲುತ್ತದೆ. ಎಚ್‌ಒಡಿಯ ಕಾರು ಪ್ಲಗ್ಗಿಗೆ ಬಂದರೆ ಅಟೆಂಡರನ ಸ್ಕೂಟರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಬಸ್ಸಿನಲ್ಲಿ ಬರುವ ಗುತ್ತಿಗೆ ನೌಕರರಿಗೆ ಇದರಿಂದ ಸಿಗುವುದು ಸೊನ್ನೆ. ಹಣವೂ ತೀರಾ ಸಣ್ಣದಲ್ಲ. ಒಂದು ಸ್ಕೂಟರಿಗೆ ದಿನಕ್ಕೆ 3 ಯೂನಿಟ್, ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿಯಿರಿ: ತಿಂಗಳ 25 ದಿನಕ್ಕೆ 600 ರೂಪಾಯಿ. ಇಪ್ಪತ್ತು ಸ್ಕೂಟರಾದರೆ 12,000 ರೂಪಾಯಿ. ಎಲ್ಲವೂ ಒಟ್ಟಿಗೆ ಪ್ಲಗ್ಗಿಗೆ ಬಿದ್ದರೆ 15 ಕಿಲೋವ್ಯಾಟ್ ಲೋಡ್. ಮೆಸ್ಕಾಂ ಮಂಜೂರು ಮಾಡಿದ ಲೋಡ್ ಮೀರಿದರೆ ದಂಡ ಬೇರೆ.

ಇನ್ನು ಗೇಟಿನ ಬಳಿ ದೊಡ್ಡದೊಂದು ಫಾಸ್ಟ್ ಚಾರ್ಜರ್ ನಿಲ್ಲಿಸಿ ರಿಬ್ಬನ್ ಕತ್ತರಿಸುವ ಆಸೆ. ಹೆದ್ದಾರಿಯಲ್ಲಿ ಹೋಗುವ ಕಾರಿಗೆ ಅದು ಬೇಕು. ಸಂಜೆವರೆಗೆ ನಿಂತಿರುವ ಸ್ಕೂಟರಿಗೆ ಅದು ದಂಡದ ಖರ್ಚು. ಸೂರಿನ ಕೆಳಗೆ ಸಾಲಾಗಿ ಹತ್ತು 15 ಆಂಪಿಯರ್ ಪಾಯಿಂಟ್, ಪ್ರತಿಯೊಂದಕ್ಕೂ ಎಂಸಿಬಿ ಮತ್ತು ಸಬ್ ಮೀಟರ್, ಇಡೀ ಸಾಲಿಗೆ ಶಾಕ್ ತಪ್ಪಿಸುವ ಆರ್‌ಸಿಸಿಬಿ, ಜನರೇಟರಿಗೆ ಸೇರದ ಪ್ರತ್ಯೇಕ ಲೈನು ಇದ್ದರೆ ಸಾಕು. ದರ ಸಂಸ್ಥೆಗೆ ಬೀಳುವಷ್ಟೇ ಇರಲಿ. ಪುಕ್ಕಟೆ ಬೇಡ, ಲಾಭವೂ ಬೇಡ. ದುಡ್ಡು ಕೊಟ್ಟವರಿಗೆ ಸರದಿ ಕೇಳುವ ಧೈರ್ಯವಾದರೂ ಬರುತ್ತದೆ.

ಆಡಳಿತ ಮಂಡಳಿಗಳು ಮುಂದಿನ ಮಳೆಗಾಲದೊಳಗೆ ಎಲೆಕ್ಟ್ರಿಷಿಯನ್ ಕರೆಸಿ ಮೊದಲು ಅರ್ಥಿಂಗ್ ಪರೀಕ್ಷೆ ಮಾಡಿಸಲಿ. ಕಿಟಕಿಯ ಎಕ್ಸ್‌ಟೆನ್ಷನ್ ಬೋರ್ಡನ್ನು ಮಾತ್ರ ಇವತ್ತೇ ತೆಗೆಸಬೇಕು.